ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮೈಟ್ರಲ್ ಕವಾಟ ಕಿರಿದಾಗಿದ್ದರೆ

ಪ್ರಶ್ನೆ: ನನ್ನ ಸೊಸೆಗೆ 24 ವರ್ಷ, ಈಗ ಆರನೇ ತಿಂಗಳು. ಮೊದಲು ಚೆನ್ನಾಗಿಯೇ ಇದ್ದಳು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಎರಡು ದಿಂಬು ಬೇಕು. ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ‘ಮೈಟ್ರಲ್ ಸ್ಟೆನೋಸಿಸ್, 1.1’ ಎಂದಿದೆ. ಇದ್ದಕ್ಕಿದ್ದಂತೆ ಹೀಗೇಕೆ?
— ಓದುಗರೊಬ್ಬರು, ಹಾವೇರಿ

ಉತ್ತರ: ಕಾಯಿಲೆ ಹಳೆಯದು, ಬಸಿರಿನಲ್ಲಿ ಹೊರಬಿದ್ದಿದೆ. ಹೃದಯದ ಎಡಭಾಗದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಎರಡು ಎಸಳಿನ ಬಾಗಿಲೇ ಮೈಟ್ರಲ್ ಕವಾಟ. ಅದು ಕಿರಿದಾಗುವುದೇ ಸ್ಟೆನೋಸಿಸ್. ಪೂರ್ತಿ ತೆರೆದಾಗ ಅದರ ಬಾಯಿ 4ರಿಂದ 6 ಚದರ ಸೆಂಟಿಮೀಟರ್. 1.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತೀವ್ರ. ನಿಮ್ಮ ಸೊಸೆಯ 1.1 ಈ ಲೆಕ್ಕದ್ದು.

ನಮ್ಮಲ್ಲಿ ಇದಕ್ಕೆ ಮುಖ್ಯ ಕಾರಣ ಚಿಕ್ಕಂದಿನಲ್ಲಿ ಬಂದುಹೋದ ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬಂದ ಎರಡು ಮೂರು ವಾರಕ್ಕೆ, ಅದರ ವಿರುದ್ಧ ಎದ್ದ ದೇಹದ ರಕ್ಷಣಾಶಕ್ತಿ ತನ್ನದೇ ಕವಾಟದ ಮೇಲೂ ತಿರುಗಿಬೀಳುತ್ತದೆ. ಎಸಳುಗಳು ಎರಡೂ ಮೂಲೆಗಳಲ್ಲಿ ಅಂಟಿಕೊಂಡು, ವರ್ಷಗಳು ಕಳೆದಂತೆ ಬಾಗಿಲು ಮೀನಿನ ಬಾಯಿಯಷ್ಟು ಕಿರಿದಾಗುತ್ತದೆ. ಆ ಜ್ವರದ ಹೊತ್ತಿನಲ್ಲಿ ಬಂದ ಮಂಡಿ ಊತ ಮನೆಯವರಿಗೆ ಎಷ್ಟೋ ಸಲ ನೆನಪೇ ಇರುವುದಿಲ್ಲ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತಸ್ಕೋಪಿನ ಗಂಟೆಯಾಕಾರದ ಬದಿಯನ್ನು ಎದೆಯ ಮೇಲೆ ಹಗುರವಾಗಿ ಇಟ್ಟರೆ ದೂರದ ಗುಡುಗಿನಂಥ ಸದ್ದು ಕೇಳುತ್ತದೆ. ನಿಂತೇ ಪರೀಕ್ಷಿಸಿದರೆ ಅದು ತಪ್ಪಿಹೋಗುವುದುಂಟು.

ಬಸಿರಿನಲ್ಲಿ ರಕ್ತದ ಪ್ರಮಾಣ ಶೇ 40–50ರಷ್ಟು ಹೆಚ್ಚುತ್ತದೆ, ನಾಡಿಯೂ ಏರುತ್ತದೆ. ಈ ಕವಾಟದ ಮೂಲಕ ರಕ್ತ ಕೆಳಗಿಳಿಯುವುದು ಹೃದಯ ಸಡಿಲಗೊಂಡ ಹೊತ್ತಿನಲ್ಲಿ ಮಾತ್ರ. ನಾಡಿ 75 ಇದ್ದಾಗ ಪ್ರತಿ ಬಡಿತಕ್ಕೂ ಆ ಬಿಡುವು ಸುಮಾರು ಅರ್ಧ ಸೆಕೆಂಡು, 120ಕ್ಕೆ ಏರಿದರೆ ಸುಮಾರು ಕಾಲು ಸೆಕೆಂಡು. ಇಳಿಯಲಾಗದ ರಕ್ತ ಮೇಲಿನ ಕೋಣೆಯಲ್ಲೇ ಕಟ್ಟಿಕೊಂಡು, ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ತಲುಪುತ್ತದೆ. ದಮ್ಮು ಬರುವುದು ಹೀಗೆ.

ಆದ್ದರಿಂದ ಮೊದಲ ಕೆಲಸ ನಾಡಿ ತಗ್ಗಿಸುವುದು. ಇದಕ್ಕೆ ಸಾಮಾನ್ಯವಾಗಿ ಮೆಟೊಪ್ರೊಲಾಲ್ ಕೊಡುತ್ತಾರೆ. ಅದೇ ಗುಂಪಿನ ಅಟೆನೊಲಾಲ್ ಮಗುವಿನ ಬೆಳವಣಿಗೆ ಕುಂಠಿಸಬಹುದಾದ್ದರಿಂದ ಬೇಡ. ರಕ್ತಹೀನತೆ, ಜ್ವರ ಎರಡೂ ನಾಡಿ ಏರಿಸುತ್ತವೆ, ತಡಮಾಡದೆ ಚಿಕಿತ್ಸೆ ಕೊಡಿಸಿ. ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿ. ಇಷ್ಟಾದರೂ ಉಸಿರಾಟ ಸುಧಾರಿಸದಿದ್ದರೆ ಬಸಿರಿನಲ್ಲೇ ಬಲೂನ್ ಚಿಕಿತ್ಸೆ ಮಾಡಬಹುದು. ಸಾಧ್ಯವಾದರೆ 20 ವಾರ ಕಳೆದ ಮೇಲೆ, ಮಗುವಿಗೆ ಎಕ್ಸ್‌ರೇ ತಾಗದಂತೆ ಎಚ್ಚರ ವಹಿಸಿ ಮಾಡುತ್ತಾರೆ. ತೊಡೆಸಂದಿನ ರಕ್ತನಾಳದಿಂದ ತೂರಿಸಿದ ಬಲೂನು, ಹೃದಯದ ನಡುಗೋಡೆ ದಾಟಿ ಕವಾಟದ ಬಾಯಲ್ಲಿ ಉಬ್ಬಿ, ಅಂಟಿದ ಮೂಲೆಗಳನ್ನು ಬಿಡಿಸುತ್ತದೆ. ಜಪಾನಿನ ಕಂಜಿ ಇನೂಯೆ ರೂಪಿಸಿದ ಈ ಬಲೂನಿನ ಅಳತೆಗೆ ಸರಳ ಲೆಕ್ಕವಿದೆ: ಎತ್ತರವನ್ನು ಸೆಂಟಿಮೀಟರಿನಲ್ಲಿ ಹಿಡಿದು 10ರಿಂದ ಭಾಗಿಸಿ 10 ಕೂಡಿಸಿ. 160 ಸೆಂ.ಮೀ. ಎತ್ತರದವರಿಗೆ 26 ಮಿಲಿಮೀಟರ್. ಮೇಲಿನ ಕೋಣೆಯಲ್ಲಿ ಹೆಪ್ಪುಗಟ್ಟಿದ ರಕ್ತವಿದ್ದರೆ, ಎಸಳು ಸುಣ್ಣಗಟ್ಟಿದ್ದರೆ ಅಥವಾ ಕವಾಟ ಈಗಾಗಲೇ ತುಂಬಾ ಸೋರುತ್ತಿದ್ದರೆ ಬಲೂನು ಹೊಂದುವುದಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ವರ್ಷಗಳಿಂದ ದೊಡ್ಡ ಸಂಖ್ಯೆಯಲ್ಲಿ ನಡೆದಿದೆ.

ಹೆರಿಗೆ ಹೃದ್ರೋಗ ತಜ್ಞರಿರುವ ಆಸ್ಪತ್ರೆಯಲ್ಲೇ ಆಗಲಿ. ಹೆರಿಗೆಯಾದ ಮೊದಲ ಎರಡು ದಿನ ಹೆಚ್ಚು ಅಪಾಯದವು. ಗರ್ಭಕೋಶ ಕುಗ್ಗಿ ಅಲ್ಲಿನ ರಕ್ತ ಒಮ್ಮೆಲೇ ಹೃದಯಕ್ಕೆ ಮರಳುತ್ತದೆ. ಹೆರಿಗೆಗೆ ಮುಂಚೆಯಾಗಲಿ ಆಮೇಲಾಗಲಿ, ಮಲಗಲಾಗದ ದಮ್ಮು, ಕೆಂಪು ನೊರೆ ಕಫ, ತಾಳ ತಪ್ಪಿದ ಎದೆಬಡಿತ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ.

ಪ್ರಶ್ನೆ: 12 ವರ್ಷದ ಮಗನಿಗೆ ಕವಾಟದ ತೊಂದರೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ನೋವೆಂದು ಅಳುತ್ತಾನೆ. ನಿಲ್ಲಿಸಬಹುದೇ?
— ಓದುಗರೊಬ್ಬರು, ರಾಯಚೂರು

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಅಂಟಿದ ಕವಾಟವನ್ನು ಇಂಜೆಕ್ಷನ್ ಬಿಡಿಸದು, ಆದರೆ ರುಮ್ಯಾಟಿಕ್ ಜ್ವರ ಮರಳದಂತೆ ತಡೆಯುತ್ತದೆ. ಆ ಜ್ವರ ಮರುಕಳಿಸಿದಾಗಲೆಲ್ಲ ಕವಾಟ ಇನ್ನಷ್ಟು ಕೆಡುತ್ತದೆ. ಕವಾಟ ಕೆಟ್ಟವರಿಗೆ ಕೊನೆಯ ಜ್ವರದಿಂದ 10 ವರ್ಷ ಅಥವಾ 40 ವಯಸ್ಸು, ಯಾವುದು ತಡವೋ ಅಲ್ಲಿಯವರೆಗೆ ಬೇಕು. ಬಲೂನ್ ಆದ ಮೇಲೂ ಬೇಕು. ಬೆಂಜಥೀನ್ ಪೆನಿಸಿಲಿನ್ ಗಟ್ಟಿ ಮದ್ದು, ತಣ್ಣಗಿದ್ದರೆ ನೋವು ಹೆಚ್ಚು. ಕೋಣೆಯ ಬಿಸಿಗೆ ತಂದು, ಚೆನ್ನಾಗಿ ಕುಲುಕಿ, ಎರಡು ಮೂರು ನಿಮಿಷ ನಿಧಾನವಾಗಿ ಕೊಡಲು ನರ್ಸಿಗೆ ಹೇಳಿ. ಮಗನಿಗೆ ತಿಂಡಿ ತಿನ್ನಿಸಿ ಕರೆದೊಯ್ಯಿರಿ, ಮಲಗಿಸಿಯೇ ಕೊಡಿಸಿ, ಅರ್ಧ ಗಂಟೆ ಅಲ್ಲೇ ಇರಿ. ಕವಾಟ ತೀರಾ ಕಿರಿದಾಗಿ ದಮ್ಮು ಇರುವವರಿಗೆ ಮಾತ್ರ ಇಂಜೆಕ್ಷನ್ ಬದಲು ದಿನಕ್ಕೆರಡು ಮಾತ್ರೆ ಸೂಕ್ತವಾಗಬಹುದು. ಅದನ್ನು ವೈದ್ಯರೇ ತೀರ್ಮಾನಿಸಬೇಕು.

ಪ್ರಶ್ನೆ: ಕವಾಟ ಕಿರಿದಾಗಿ ಎದೆಬಡಿತ ತಾಳ ತಪ್ಪಿದೆ. ರಕ್ತ ತೆಳುವಾಗಲು ಅಸೆನೊಕುಮರಾಲ್ ಕೊಟ್ಟಿದ್ದಾರೆ. ಸೊಪ್ಪು ಬಿಡಬೇಕೇ? ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆ ಇದೆಯಂತಲ್ಲ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಸೊಪ್ಪು ತಿನ್ನಿ, ವಾರದಿಂದ ವಾರಕ್ಕೆ ಪ್ರಮಾಣ ಒಂದೇ ಇರಲಿ. ಒಂದು ವಾರ ದಿನವೂ ಬಸಳೆ, ಮುಂದಿನ ವಾರ ಏನೂ ಇಲ್ಲ ಎಂದಾದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತಿಳಿಸುವ ರಕ್ತಪರೀಕ್ಷೆಯ ಅಂಕಿಯಾದ ಐಎನ್‌ಆರ್ ಏರುಪೇರಾಗುತ್ತದೆ. ಅದು 2ರಿಂದ 3ರ ನಡುವೆ ಇರಬೇಕು. ರುಮ್ಯಾಟಿಕ್ ಕವಾಟದವರಲ್ಲಿ ಹೊಸ ಮಾತ್ರೆ ರಿವರೊಕ್ಸಬಾನ್‌ಗಿಂತ ನಿಮ್ಮದರಂಥ ಹಳೆಯ ಬಗೆಯ ಮಾತ್ರೆಗಳೇ ಮೇಲೆಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ಮೈಕೈ ನೋವಿಗೆ ಅಂಗಡಿಯಿಂದ ನೀವಾಗಿಯೇ ಮಾತ್ರೆ ತಂದು ನುಂಗಬೇಡಿ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಐಎನ್‌ಆರ್ ಚೀಟಿ ತೋರಿಸಿ.