ಮುಟ್ಟಿನ ಮುಂಚಿನ ಸಿಡುಕಿಗೆ ಹೈಪರಿಕಮ್ ಹನಿ?

ಅತ್ತೆ ಕೊಟ್ಟ ಹೈಪರಿಕಮ್ (ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡ) ಹನಿ ಕುಡಿಯಬಹುದೇ ಎಂದು ಕೇಳಿದ್ದೀರಿ. ಮುಟ್ಟಿಗೆ ವಾರ ಮುಂಚೆ ಸಿಡುಕು, ಅಳು. ಮುಟ್ಟಾದ ಎರಡು ದಿನಕ್ಕೆ ಎಲ್ಲ ಸರಿ ಎಂದಿದ್ದೀರಿ. ಹಾಗಿದ್ದರೆ ಇದು ಹಾರ್ಮೋನಿನ ಏರಿಳಿತದ್ದೇ ಇರಬಹುದು. ನಿಮ್ಮ ಸಾಗರ ಊರಿನ ಮಳೆ ಸಿಡುಕನ್ನು ಜಾಸ್ತಿ ಮಾಡಬಹುದು, ಅಷ್ಟೆ.

ಮೊದಲು ಅತ್ತೆ ಕೊಟ್ಟ ಹೋಮಿಯೋಪತಿ ಬಾಟಲಿಯ ಲೇಬಲ್ ನೋಡಿ. ಹೈಪರಿಕಮ್ ಮುಂದೆ ‘30’ ಇದ್ದರೆ ಅದರಲ್ಲಿ ಗಿಡದ ಅಂಶ ಉಳಿದಿರುವುದೇ ಇಲ್ಲ. ಸುಮ್ನೆ ದುಡ್ಡು ದಂಡ ಅಂತ ನನ್ನ ಲೆಕ್ಕ. ಇಂಗ್ಲಿಷಿನ ಕ್ಯೂ ಅಕ್ಷರ ಇದ್ದರೆ ಅದು ಮದರ್ ಟಿಂಚರ್, ಗಿಡದ ಸಾರವೇ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಈ ಸಾರ ಅದರ ಬಲ ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆ ಜೊತೆಗಂತೂ ಅಪಾಯ. ಈಗಾಗಲೇ ಕುಡಿದಿದ್ದರೆ ಬಾಟಲಿಯನ್ನೇ ಡಾಕ್ಟರಿಗೆ ತೋರಿಸಿ.

ಆಮೇಲೆ ಎರಡು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಸಿಡುಕಿನ ದಿನಕ್ಕೆ ಒಂದು ಗೀಟು ಹಾಕಿ. ನಾನೂ ಹಾಗೇ ಮಾಡಿದ್ದೆ, ಡಾಕ್ಟರು ಮೊದಲು ಕೇಳಿದ್ದೇ ಅದನ್ನು. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ.

ತೋಟದ ಕಾಲುವೆ ಅಂಚಿನ ಒಂದೆಲಗ ಕಿತ್ತು, ತುಪ್ಪದಲ್ಲಿ ಹುರಿದ ಜೀರಿಗೆ, ಮೆಣಸು, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ ಉಣ್ಣಿ. ಊಟವಾಗಿ ಒಳ್ಳೆಯದು, ಮದ್ದು ಅಂತ ನೆಚ್ಚಿಕೊಳ್ಳಬೇಡಿ.

ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.