ದುಡ್ಡು ಕಟ್ ಆಯಿತು, ರಶೀದಿ ಬರಲಿಲ್ಲ: ಮನೆ ಪಟ್ಟಿ ಮತ್ತೆ ತುಂಬಬೇಕಾ?

ಪ್ರಶ್ನೆ: ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಅಜ್ಜನ ಕಾಲದ ಮನೆ ಇದೆ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ನಡೀತಾವೆ. ಈ ಸಲ ಮನೆ ಪಟ್ಟಿಯನ್ನು, ಅಂದರೆ ಆಸ್ತಿ ತೆರಿಗೆಯನ್ನು, ಆನ್‌ಲೈನ್‌ನಲ್ಲೇ ತುಂಬೋಣ ಅಂತ ಕೂತೆ. ಹಳೇ ರಶೀದಿಯ ನಂಬರ್ ಹಾಕಿದರೆ ಮಾಹಿತಿ ಇಲ್ಲ ಅಂತ ಬಂತು. ಅಪ್ಪನ ಹೆಸರು ಹಾಕಿ ಹುಡುಕಿದ ಮೇಲೆ ಒಂದು ದಾಖಲೆ ಸಿಕ್ಕಿತು. ಯುಪಿಐನಲ್ಲಿ 4,000 ರೂಪಾಯಿ ಕಟ್ಟಿದೆ. ಬ್ಯಾಂಕ್ ಖಾತೆಯಿಂದ ಹಣ ಹೋಯಿತು, ರಶೀದಿ ಮಾತ್ರ ಬರಲಿಲ್ಲ. ಬಾಕಿ ಇನ್ನೂ ಹಾಗೇ ತೋರಿಸುತ್ತಿದೆ. ಏಪ್ರಿಲ್ ಮುಗಿಯಲು ನಾಲ್ಕೇ ದಿನ ಉಳಿದಿವೆ. ರಿಯಾಯಿತಿ ತಪ್ಪಿ ಹೋಗುತ್ತೆ ಅಂತ ಮತ್ತೊಮ್ಮೆ ಕಟ್ಟಿಬಿಡಲಾ? ಅಪ್ಪ ತೀರಿಕೊಂಡಿದ್ದಾರೆ, ಮನೆಯ ಖಾತೆ ಅವರ ಹೆಸರಲ್ಲೇ ಇದೆ. ತೊಂದರೆಗೆ ಅದೇ ಕಾರಣವಾ?
– ಓದುಗರು, ವಡಗಾವಿ

ಉತ್ತರ: ಈಗಲೇ ಮತ್ತೆ ಕಟ್ಟಬೇಡಿ. ಏಪ್ರಿಲ್ ಕೊನೆ ವಾರದಲ್ಲಿ ಜನ ಗಾಬರಿಯಾಗಿ ಎರಡೆರಡು ಸಲ ಕಟ್ಟುತ್ತಾರೆ. ಹಾಗೆ ಜಾಸ್ತಿ ಹೋದ ಹಣ ವಾಪಸ್ ಬರುವುದು ಸುಲಭವಲ್ಲ. ಅರ್ಜಿ ಕೊಡಬೇಕು, ಲೆಕ್ಕ ತಾಳೆ ಆಗಬೇಕು, ಆಮೇಲೂ ಕೈಗೆ ಹಣ ಬರುವುದಕ್ಕಿಂತ ಮುಂದಿನ ವರ್ಷದ ಪಟ್ಟಿಗೆ ಹೊಂದಿಸುವುದೇ ಜಾಸ್ತಿ.

ಒಮ್ಮೆ ಲೆಕ್ಕ ಹಾಕಿ ನೋಡಿ. ಪೂರ್ತಿ ವರ್ಷದ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. 4,000 ರೂಪಾಯಿಗೆ ಅದು ಹೆಚ್ಚೆಂದರೆ 200 ರೂಪಾಯಿ. ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿ ಇಲ್ಲ, ದಂಡವೂ ಇಲ್ಲ. ತಿಂಗಳಿಗೆ ಶೇ 2ರ ದಂಡ ಶುರುವಾಗುವುದು ಜುಲೈನಿಂದ. ಏಪ್ರಿಲ್‌ನ ಗಡುವನ್ನು ಸರ್ಕಾರ ಮುಂದೆ ಹಾಕಿದ ವರ್ಷಗಳೂ ಇವೆ. ಅಂದರೆ 200 ರೂಪಾಯಿ ಉಳಿಸಲು ಹೋಗಿ ಇನ್ನೊಂದು 4,000 ಸಿಕ್ಕಿಹಾಕಿಸಿಕೊಳ್ಳುವ ಅಪಾಯ ನಿಮ್ಮ ಮುಂದಿದೆ. ಆ ಅವಸರ ಬೇಡ.

ಈಗ ಹಣ ಎಲ್ಲಿದೆ ಅಂತ ಪತ್ತೆ ಮಾಡೋಣ. ಅದು ಇರಬಹುದಾದ ಜಾಗ ಎರಡೇ. ಒಂದು, ಬ್ಯಾಂಕುಗಳ ನಡುವೆ. ಇನ್ನೊಂದು, ತೆರಿಗೆ ಪಡೆಯುವವರ ಖಾತೆಯಲ್ಲಿ. ಯುಪಿಐ ಆ್ಯಪ್ ತೆಗೆದು ಆ ಪಾವತಿಯ ಮೇಲೆ ಒತ್ತಿ. 12 ಅಂಕಿಯ ಒಂದು ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ನಂಬರ್, ಕಾಣುತ್ತದೆ. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ಕೂಡ ಇರಲಿ. ಮುಂದೆ ಯಾರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಈ ನಂಬರನ್ನೇ.

ಅಲ್ಲಿ ಪೆಂಡಿಂಗ್ ಅಥವಾ ವಿಫಲ ಅಂತ ಇದ್ದರೆ ಹಣ ತಾನಾಗಿಯೇ ಮರಳಬೇಕು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ನಿಯಮ ಮಾಡಿದೆ. ಖಾತೆಯಿಂದ ಹಣ ಕಟ್ ಆಗಿ, ಪಡೆಯುವವರಿಗೆ ಖಾತ್ರಿ ತಲುಪದಿದ್ದರೆ, ಪಾವತಿ ದಿನದ ನಂತರ 5 ದಿನದೊಳಗೆ ವಾಪಸ್ ಹಾಕಬೇಕು. ರಜೆ ದಿನಗಳೂ ಈ ಲೆಕ್ಕದಲ್ಲಿ ಬರುತ್ತವೆ. ಅದು ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು, ಗ್ರಾಹಕರು ಕೇಳದಿದ್ದರೂ ಕೊಡಬೇಕು. ಹೀಗೊಂದು ಹಕ್ಕು ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಆ್ಯಪ್‌ನಲ್ಲಿ ಯಶಸ್ವಿ ಅಂತ ಇದ್ದು, ಐದು ದಿನ ಕಳೆದರೂ ಹಣ ಮರಳದಿದ್ದರೆ ಅದು ಆ ಕಡೆ ತಲುಪಿದೆ, ನಿಮ್ಮ ಆಸ್ತಿಯ ಲೆಕ್ಕಕ್ಕೆ ಮಾತ್ರ ಏರಿಲ್ಲ. ಮೊದಲು ವೆಬ್‌ಸೈಟಿನಲ್ಲಿ ಹಳೇ ರಶೀದಿ ಮತ್ತೆ ಮುದ್ರಿಸುವ ಜಾಗ ಇದ್ದರೆ ಅಲ್ಲಿ ನೋಡಿ. ಎಷ್ಟೋ ಸಲ ಎರಡು ದಿನ ಬಿಟ್ಟು ರಶೀದಿ ಅಲ್ಲಿ ಬಂದು ಕೂತಿರುತ್ತದೆ. ಇಲ್ಲದಿದ್ದರೆ ಕಂದಾಯ ವಿಭಾಗಕ್ಕೆ ಅರ್ಜಿ ಕೊಡಬೇಕು. ಬಾಯಿಮಾತಿನಲ್ಲಿ ಹೇಳಿ ಬಂದರೆ ಏನೂ ಆಗುವುದಿಲ್ಲ.

ಅರ್ಜಿ ಉದ್ದ ಇರಬೇಕಾಗಿಲ್ಲ. ಇಷ್ಟು ಸಾಕು: 'ಇಂಥ ಆಸ್ತಿ ನಂಬರಿನ ಮನೆಯ ಈ ಸಾಲಿನ ತೆರಿಗೆಯನ್ನು ಇಂಥ ದಿನಾಂಕದಂದು, ಇಷ್ಟು ಗಂಟೆಗೆ, ಯುಪಿಐ ಮೂಲಕ ಕಟ್ಟಿದ್ದೇನೆ. ಯುಟಿಆರ್ ನಂಬರ್ ಇದು. ಮೊತ್ತ ಇಷ್ಟು. ಹಣ ನನ್ನ ಖಾತೆಗೆ ವಾಪಸ್ ಬಂದಿಲ್ಲ. ಪಾವತಿ ಏಪ್ರಿಲ್ ತಿಂಗಳಲ್ಲೇ ಆಗಿರುವುದರಿಂದ ರಿಯಾಯಿತಿ ಸಹಿತ ಜಮಾ ಮಾಡಿ ರಶೀದಿ ಕೊಡಬೇಕು.' ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಒಂದು ಪುಟ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೇ ಬನ್ನಿ. ಐದು ದಿನ ಮುಗಿಯಲಿ ಅಂತ ಕಾಯದೆ ಏಪ್ರಿಲ್ 30ರ ಒಳಗೇ ಇದನ್ನು ಕೊಟ್ಟುಬಿಡಿ. ರಿಯಾಯಿತಿ ಕೇಳಲು ನಿಮ್ಮ ಕೈಯಲ್ಲಿ ಒಂದು ಆಧಾರ ಇರುತ್ತದೆ. ಹಣ ಮರಳಿ ಬಂದರೆ ಆಗ ಹೊಸದಾಗಿ ಕಟ್ಟಿದರಾಯಿತು. ಅರ್ಜಿ ಕೊಟ್ಟೂ ಕೆಲಸ ಆಗದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ದಾಖಲಿಸಿ.

ನಿಮ್ಮ ಪತ್ರದಲ್ಲಿ ನನಗೆ ಇದಕ್ಕಿಂತ ಜಾಸ್ತಿ ಆತಂಕ ತಂದ ಮಾತು ಬೇರೆ. 'ಅಪ್ಪನ ಹೆಸರು ಹಾಕಿ ಹುಡುಕಿದ ಮೇಲೆ ಒಂದು ದಾಖಲೆ ಸಿಕ್ಕಿತು' ಅಂದಿದ್ದೀರಿ. ಅದು ನಿಮ್ಮ ಮನೆಯದೇ ಅಂತ ಖಾತ್ರಿ ಮಾಡಿಕೊಂಡಿರಾ?

ಬೆಳಗಾವಿಯ ಹಳೇ ಓಣಿಗಳಲ್ಲಿ ಒಂದೇ ಮನೆಗೆ ಎರಡು ನಂಬರ್ ಇರುತ್ತವೆ. ಸಿಟಿ ಸರ್ವೆ ಉತಾರದಲ್ಲಿ (ಆಸ್ತಿ ದಾಖಲೆಯ ಪ್ರತಿಯಲ್ಲಿ) ಇರುವುದು ಸಿಟಿಎಸ್ ನಂಬರ್. ಅದು ಜಾಗದ ನಂಬರ್, ಭೂಮಾಪನ ಇಲಾಖೆಯದು. ಪಟ್ಟಿ ತುಂಬಲು ಬೇಕಾದದ್ದು ಪಾಲಿಕೆ ಕೊಟ್ಟ ಆಸ್ತಿ ನಂಬರ್, ಅಂದರೆ ಪಿಐಡಿ. ಅಜ್ಜನ ಒಂದೇ ಸಿಟಿಎಸ್ ನಂಬರಿನ ಜಾಗ ಅಣ್ಣತಮ್ಮಂದಿರ ನಡುವೆ ಪಾಲಾದಾಗ, ಪಾಲಿಕೆಯಲ್ಲಿ ಅದು ಎರಡು ಮೂರು ಆಸ್ತಿಗಳಾಗಿ ಒಡೆದಿರಬಹುದು. ಅಡ್ಡಹೆಸರು ಒಂದೇ, ಓಣಿಯೂ ಒಂದೇ. ನೀವು ಕಟ್ಟಿದ್ದು ಕಾಕಾನ ಪಾಲಿನ ಮನೆಗೆ ಹೋಗಿದ್ದರೆ? ನಿಮ್ಮ ಬಾಕಿ ಹಾಗೇ ಉಳಿಯುತ್ತದೆ.

ಹೆಸರಿನ ಹುಡುಕಾಟವನ್ನು ನಂಬಬೇಡಿ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಇಲ್ಲಿಯ ಹಳೇ ಕಾಗದ ಬಹಳಷ್ಟು ಮರಾಠಿಯಲ್ಲಿವೆ. ಕಂಪ್ಯೂಟರಿಗೆ ಏರಿಸುವಾಗ ಪಾಟೀಲ ಒಮ್ಮೆ ದೀರ್ಘ, ಒಮ್ಮೆ ಹ್ರಸ್ವ ಆಗುತ್ತದೆ. ಕಾಂಬಳೆ ಇದ್ದದ್ದು ಕಾಂಬ್ಳೆ ಆಗುತ್ತದೆ. ನೀವು ಪೂರ್ತಿ ಹೆಸರು ಹಾಕಿದರೆ ಸಿಗುವುದಿಲ್ಲ, ಬೇರೆಯವರದು ಸಿಗುತ್ತದೆ. ಹುಡುಕಲೇಬೇಕಾದರೆ ಅಡ್ಡಹೆಸರಿನ ಮೊದಲ ಎರಡು ಮೂರು ಅಕ್ಷರ ಮಾತ್ರ ಹಾಕಿ, ಬಂದ ಹೆಸರುಗಳನ್ನು ನಿಧಾನವಾಗಿ ಓದಿ. ಮನೆ ನಂಬರ್, ಜಾಗದ ಅಳತೆ, ಸಾಧ್ಯವಿದ್ದರೆ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಎಲ್ಲವೂ ನಿಮ್ಮ ಉತಾರಕ್ಕೆ ಹೊಂದಬೇಕು. ಒಂದು ತಾಳೆಯಾಗದಿದ್ದರೂ ಕಟ್ಟುವ ಬಟನ್ ಒತ್ತಬಾರದು. ಹಳೇ ರಶೀದಿಯ ನಂಬರ್ ನಡೆಯದಿದ್ದರೆ ಆಸ್ತಿಗೆ ಹೊಸ ನಂಬರ್ ಬಿದ್ದಿರುವ ಸಾಧ್ಯತೆಯೇ ಜಾಸ್ತಿ. ವಾರ್ಡ್ ಕಚೇರಿಯಲ್ಲಿ ಹಳೇ ರಶೀದಿ ತೋರಿಸಿ ಹೊಸ ನಂಬರ್ ಬರೆಸಿಕೊಳ್ಳಿ. ಮನೆಮಂದಿಯೆಲ್ಲ ನೋಡುವ ಕಡೆ, ಕರೆಂಟ್ ಬಿಲ್ ಫೈಲಿನಲ್ಲೋ ಎಲ್ಲೋ, ಅದನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ.

ಮಗ್ಗಗಳ ವಿಷಯ. ವಡಗಾವಿ, ಶಹಾಪುರ, ಖಾಸಬಾಗದ ನೇಕಾರ ಮನೆಗಳಲ್ಲಿ ಮುಂದೆ ಮಗ್ಗ, ಹಿಂದೆ ಸಂಸಾರ. ಆದರೆ ತೆರಿಗೆಯಲ್ಲಿ ನಡೆಯುವುದು ಸ್ವಯಂ ಘೋಷಣೆ ಪದ್ಧತಿ. ಎಷ್ಟು ಜಾಗ ವಾಸಕ್ಕೆ, ಎಷ್ಟು ಜಾಗ ಕೆಲಸಕ್ಕೆ ಅಂತ ಹೇಳುವವರು ನೀವೇ, ಅದಕ್ಕೆ ಹೊಣೆಯೂ ನೀವೇ. ಪೂರ್ತಿ ವಾಸದ ಮನೆ ಅಂತ ತೋರಿಸಿ, ಮುಂದೆ ತಪಾಸಣೆಯಲ್ಲಿ ಬೇರೆ ಕಂಡರೆ ವ್ಯತ್ಯಾಸದ ಹಣದ ಮೇಲೆ ದಂಡ ಬೀಳುತ್ತದೆ. ಇಡೀ ಮನೆಯನ್ನು ವಾಣಿಜ್ಯ ಅಂತ ಹಾಕಿಬಿಟ್ಟರೆ ಸುಮ್ನೆ ಜಾಸ್ತಿ ಕಟ್ಟುತ್ತೀರಿ. ಟೇಪ್ ಹಿಡಿದು ಮಗ್ಗದ ಕೋಣೆಯ ಅಳತೆ ತೆಗೆದು, ಅಷ್ಟನ್ನೇ ಬೇರೆ ತೋರಿಸಿ. ಮೊತ್ತ ನೋಡಿ ಗಾಬರಿ ಬೇಡ. ಲೆಕ್ಕ ನಿಂತಿರುವುದು ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯ ಮೇಲೆ, ಅಂದರೆ ಆಸ್ತಿಗೆ ಸರ್ಕಾರ ಗೊತ್ತು ಮಾಡಿದ ಬೆಲೆಯ ಮೇಲೆ. ಬಂದ ತೆರಿಗೆಗೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3 ಸೇರುತ್ತವೆ.

ಇನ್ನು ಅಪ್ಪನ ಹೆಸರು. ರಶೀದಿ ಬರದಿರುವುದಕ್ಕೆ ಅದು ಕಾರಣವಲ್ಲ. ತೀರಿಕೊಂಡವರ ಹೆಸರಿನ ಖಾತೆಗೂ ತೆರಿಗೆ ಕಟ್ಟಬಹುದು, ಯಾರು ಬೇಕಾದರೂ ಕಟ್ಟಬಹುದು. ಆದರೆ ಪಟ್ಟಿ ತುಂಬಿದ ಮಾತ್ರಕ್ಕೆ ಮನೆ ನಿಮ್ಮ ಹೆಸರಿಗೆ ಬರುವುದಿಲ್ಲ. 2024ರಿಂದ ನಗರಗಳಲ್ಲಿ ಆಸ್ತಿ ನೋಂದಣಿಗೆ ಇ-ಆಸ್ತಿ ತಂತ್ರಾಂಶದ ಇ-ಖಾತೆ (ಕಂಪ್ಯೂಟರಿನಲ್ಲಿರುವ ಆಸ್ತಿ ದಾಖಲೆ) ಬೇಕೇ ಬೇಕು. ಮರಣ ಪ್ರಮಾಣಪತ್ರ, ವಂಶಾವಳಿ ಇಟ್ಟುಕೊಂಡು, ಅಕ್ಕತಂಗಿಯರ ಒಪ್ಪಿಗೆಯನ್ನೂ ತೆಗೆದುಕೊಂಡು ಈ ವರ್ಷವೇ ವಾರಸಾ ಮಾಡಿಸಿ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ. ಎಲ್ಲರೂ ಒಂದೇ ಊರಲ್ಲಿ ಇರುವಾಗ ಆಗುವ ಕೆಲಸ ಅದು.

ಪ್ರಶ್ನೆ: ಕ್ಯಾಂಪ್‌ನಲ್ಲಿ ನಮ್ಮ ಮನೆ ಇದೆ. ಪಾಲಿಕೆಯ ವೆಬ್‌ಸೈಟಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.
– ಓದುಗರು, ಬೆಳಗಾವಿ

ಉತ್ತರ: ಸಿಗುವುದೂ ಇಲ್ಲ. ಕ್ಯಾಂಪ್ ಪ್ರದೇಶ ಕಂಟೋನ್ಮೆಂಟ್ ಮಂಡಳಿಗೆ ಸೇರಿದ್ದು, ಅದು ಬರುವುದು ಕೇಂದ್ರದ ರಕ್ಷಣಾ ಸಚಿವಾಲಯದ ಕೆಳಗೆ. 2021ರ ಫೆಬ್ರುವರಿಯಲ್ಲಿ ಶುರುವಾದ ಇ-ಛಾವಣಿ ಪೋರ್ಟಲ್‌ನಲ್ಲಿ ಬೆಳಗಾವಿ ಆಯ್ಕೆ ಮಾಡಿ ಕಟ್ಟಬೇಕು. ಮೇಲೆ ಹೇಳಿದ ರಿಯಾಯಿತಿ, ದಂಡದ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಮಂಡಳಿಯ ಬಿಲ್‌ನಲ್ಲಿ ಇರುವ ದಿನಾಂಕವನ್ನೇ ನೋಡಿ. ಯುಪಿಐ ಬಗ್ಗೆ ಬರೆದದ್ದು ಮಾತ್ರ ನಿಮಗೂ ಅಷ್ಟೇ ನಿಜ.

ಪ್ರಶ್ನೆ: ಹಿಂಡಲಗಾದಲ್ಲಿ ಸೈಟ್ ಇದೆ. ಗೂಗಲ್‌ನಲ್ಲಿ ಹುಡುಕಿದಾಗ ಬಂದ ಒಬ್ಬರು, ನಂಬರ್ ಕಳಿಸಿ, 300 ರೂಪಾಯಿ ಕೊಟ್ಟರೆ ಟ್ಯಾಕ್ಸ್ ನಾವೇ ತುಂಬುತ್ತೇವೆ ಅಂದರು. ಕೊಡಬಹುದಾ?
– ಓದುಗರು, ಹಿಂಡಲಗಾ

ಉತ್ತರ: ಬೇಡ. ಹಿಂಡಲಗಾ ಗ್ರಾಮ ಪಂಚಾಯಿತಿ, ನಿಮ್ಮ ದಾರಿ ಬಾಪೂಜಿ ಸೇವಾ ಕೇಂದ್ರ. ಅದರ ಪೋರ್ಟಲ್‌ನಲ್ಲಿ ನೀವೇ ಕಟ್ಟಬಹುದು, ಇಲ್ಲವೇ ಪಂಚಾಯಿತಿ ಕಚೇರಿಗೆ ಹೋಗಿ ಕಟ್ಟಿ. ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಅಥವಾ 11ರಲ್ಲಿ ಇರುವ ಆಸ್ತಿ ನಂಬರ್ ಕೈಯಲ್ಲಿರಲಿ. ವಿಳಾಸ ಡಾಟ್ ಜಿಒವಿ ಡಾಟ್ ಇನ್ ಅಂತ ಮುಗಿಯದಿದ್ದರೆ ಅಲ್ಲಿ ಹಣ ಹಾಕಬೇಡಿ. ಯಾರೇ ಫೋನ್ ಮಾಡಿ ಒಟಿಪಿ ಕೇಳಿದರೂ ಕೊಡಬೇಡಿ. ಈಗಾಗಲೇ ಹಣ ಕಳಿಸಿದ್ದರೆ ಇಂದೇ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯಲ್ಲಿ ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.