ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರ ಏದುಸಿರನ್ನು ಮಾರ್ಫಿನ್ ಕಡಿಮೆ ಮಾಡುತ್ತದೆಯೇ?

ಎಲ್ಲರಿಗೂ ಕೊಡುವಷ್ಟು ಪುರಾವೆ ಇಲ್ಲ. ಮಾರ್ಫಿನ್ ಒಂದು ಪ್ರಬಲ ನೋವುನಿವಾರಕ, ಅದು ಶ್ವಾಸಕೋಶವನ್ನು ಸರಿಪಡಿಸುವುದಿಲ್ಲ. ಉಸಿರು ಸಾಲುತ್ತಿಲ್ಲ ಎಂದು ಮಿದುಳಿಗೆ ಅನ್ನಿಸುವುದನ್ನು ತಗ್ಗಿಸಬಹುದು ಎಂಬುದಷ್ಟೇ ನಿರೀಕ್ಷೆ.

ಆಸ್ಟ್ರೇಲಿಯಾದಲ್ಲಿ ಇದನ್ನು 156 ಸಿಒಪಿಡಿ ರೋಗಿಗಳಲ್ಲಿ ಪರೀಕ್ಷಿಸಿದರು. ಎಲ್ಲರೂ ಸ್ವಲ್ಪ ನಡೆದರೂ ಏದುಸಿರು ಬಿಡುವವರು. ಕೆಲವರಿಗೆ ದಿನಕ್ಕೆ 8 ಅಥವಾ 16 ಮಿಲಿಗ್ರಾಂ ಮಾರ್ಫಿನ್, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಇದು ಬಹಳ ಮುಖ್ಯ. ಏದುಸಿರು ಅನ್ನೋದು ಒಂದು ಅನುಭವ ಅಲ್ವಾ? ಮದ್ದು ತಗೊಂಡೆ ಎಂಬ ಭರವಸೆಯಿಂದಲೇ ಅದು ಕಡಿಮೆ ಅನ್ನಿಸಬಹುದು.

2022ರಲ್ಲಿ ಫಲಿತಾಂಶ ಬಂತು. ಒಂದು ವಾರದ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಡೆಯುವ ಹೆಜ್ಜೆಗಳೂ ಜಾಸ್ತಿ ಆಗಲಿಲ್ಲ. ಮಾರ್ಫಿನ್‌ನಿಂದ ಮಲಬದ್ಧತೆ, ಮಂಪರು ಬೇರೆ. ನನ್ನ ಪ್ರಕಾರ, ಮೊದಲು ಪಲ್ಮನರಿ ರಿಹ್ಯಾಬಿಲಿಟೇಷನ್ (ಶ್ವಾಸಕೋಶದ ರೋಗಿಗಳಿಗೆ ವ್ಯಾಯಾಮ ಮತ್ತು ಉಸಿರಾಟದ ತರಬೇತಿ) ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.